ಮೇಯುವ ಹೋರಿಗರುವಿಗೂ ಕೈತಿಂಡಿ ಬೇಕು



ಹೆಣ್ಣುಗರು ಹುಟ್ಟಿದರೆ ಹಾಲು ಬಿಟ್ಟು, ಹಿಂಡಿ ಇಟ್ಟು ಸಾಕುತ್ತೇವೆ. ಹೋರಿಗರು ಹುಟ್ಟಿದರೆ "ಹೇಗೂ ಮೇಯ್ದುಕೊಂಡು ಬೆಳೆಯುತ್ತದೆ" ಎಂದು ಗೋಮಾಳಕ್ಕೆ ಅಟ್ಟುತ್ತೇವೆ. ಕೃತಕ ಗರ್ಭಧಾರಣೆ ಲಭ್ಯವಿರುವ ಕಡೆ ಅದೇ ಉತ್ತಮ. ಆದರೆ ಹಳ್ಳಿಕಾರ್, ಅಮೃತಮಹಲ್ ದನಗಳು ಕಾವಲಿನಲ್ಲಿ ಮೇಯುವ ಊರುಗಳಲ್ಲಿ ಇಂದಿಗೂ ಬೀಜದ ಹೋರಿಯೇ ಆಧಾರ. ಒಂದು ಹಸು ಗಬ್ಬ ನಿಲ್ಲದಿದ್ದರೆ ಒಂದು ಮನೆಗೆ ನಷ್ಟ. ಹೋರಿ ಕೆಟ್ಟರೆ ಊರಿಗೇ ನಷ್ಟ. ಹಸು ಪ್ರತಿ ಸಲ ತಿರುಗಿ ಬೆದೆಗೆ ಬಂದಾಗಲೂ 21 ದಿನ ವ್ಯರ್ಥವಾದಂತೆ.

ಎಳೆತನದಲ್ಲೇ ತಳಪಾಯ

ಕರುವಿನ 2ರಿಂದ 5 ತಿಂಗಳ ವಯಸ್ಸಿನಲ್ಲಿ ಮಿದುಳಿನಿಂದ ಹೊರಡುವ ಚೋದಕಗಳು ವೃಷಣಗಳ ಬೆಳವಣಿಗೆಗೆ ಚಾಲನೆ ನೀಡುತ್ತವೆ. ವೀರ್ಯಾಣುಗಳನ್ನು ಪೋಷಿಸುವ ಕೋಶಗಳು ವೃದ್ಧಿಯಾಗುವುದೂ ಎಳೆತನದಲ್ಲೇ. ಆಗ ಹಸಿದ ಕರು ತಡವಾಗಿ ಪ್ರಾಯಕ್ಕೆ ಬರುತ್ತದೆ, ವೃಷಣ ಚಿಕ್ಕದಾಗಿಯೇ ಉಳಿಯುತ್ತದೆ. ಒಬ್ಬ ಸದಸ್ಯರು ಎರಡು ವರ್ಷದ ಬಡಕಲು ಹೋರಿಗೆ ಆರು ತಿಂಗಳು ಚೆನ್ನಾಗಿ ತಿನ್ನಿಸಿ ನನಗೆ ತೋರಿಸಿದರು. ಮೈ ತುಂಬಿತ್ತು, ವೃಷಣ ತುಂಬಿರಲಿಲ್ಲ. ಕಳೆದ ಕಾಲ ಹಿಂಡಿಯಿಂದ ಮರಳಿ ಬಾರದು.

ಏನು, ಎಷ್ಟು ಕೊಡಬೇಕು?

1. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ನಂತರ ಮೊದಲ ತಿಂಗಳು ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಹಾಲು ಕೊಡಿ.
2. ಎರಡನೇ ವಾರದಿಂದ ಕರುವಿನ ಆಹಾರ ರೂಢಿ ಮಾಡಿಸಿ. ಆರು ತಿಂಗಳಿಗೆ ದಿನಕ್ಕೆ 1 ಕಿಲೋ ತಿನ್ನುವಂತಾಗಲಿ.
3. ಆರು ತಿಂಗಳ ನಂತರ, ಮೇಯ್ದು ಬಂದ ಮೇಲೂ ದಿನಕ್ಕೆ 1ರಿಂದ 1.5 ಕಿಲೋ ಕೈತಿಂಡಿ ಮತ್ತು 25ರಿಂದ 30 ಗ್ರಾಂ ಲವಣ ಮಿಶ್ರಣ ಕೊಡಿ.
4. ಮನೆಯಲ್ಲೇ ತಯಾರಿಸುವುದಾದರೆ 100 ಕಿಲೋಗೆ ಮುಸುಕಿನ ಜೋಳದ ನುಚ್ಚು 37, ಕಡಲೆಕಾಯಿ ಹಿಂಡಿ 30, ಗೋಧಿ ಬೂಸಾ 30, ಲವಣ ಮಿಶ್ರಣ 2, ಉಪ್ಪು 1 ಕಿಲೋ ಬೆರೆಸಿ. ಬೂಷ್ಟು ಹಿಡಿದ ಹಿಂಡಿ ಬೇಡ.
5. ಬೇಸಿಗೆಯ ಒಣಹುಲ್ಲಿನಲ್ಲಿ ಸಸಾರಜನಕವೂ 'ಎ' ಜೀವಸತ್ವವೂ ಕಡಿಮೆ. ದಿನಕ್ಕೊಂದು ಹೊರೆಯಾದರೂ ಹಸಿರು ಮೇವು ಸಿಗಲಿ.

ಎಚ್ಚರಿಕೆ

ಹತ್ತಿಕಾಳು ಮತ್ತು ಅದರ ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತು ವೀರ್ಯಾಣುಗಳನ್ನು ಕೆಡಿಸುತ್ತದೆ. ಕರೆಯುವ ಹಸುವಿಗೆ ಇಡುವಂತೆ ಹೋರಿಗೆ ಇಡಬೇಡಿ. ಅತಿಯಾಗಿ ತಿನ್ನಿಸಿ ಕೊಬ್ಬಿಸುವುದೂ ತಪ್ಪು. ವೃಷಣಗಳು ಮೈಶಾಖಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕು. ವೃಷಣಚೀಲದಲ್ಲಿ ಕೊಬ್ಬು ಸೇರಿದರೆ ಶಾಖ ಹೊರಹೋಗದು.

ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಆದ್ದರಿಂದ ಮುಂಗಾರಿನಲ್ಲಿ ಹಸುಗಳಿಗೆ ಬಿಡುವ ಹೋರಿಯ ಆರೈಕೆ ಮಾರ್ಚ್‌ನಲ್ಲೇ ಪ್ರಾರಂಭವಾಗಲಿ. ಜೂನ್‌ನಲ್ಲಿ ಹಿಂಡಿ ಇಟ್ಟರೆ ಫಲ ಕಾಣುವುದು ಆಗಸ್ಟ್‌ನಲ್ಲಿ.

ಬೀಜಕ್ಕೆ ಬಿಡುವ ಮುನ್ನ ಪಶುವೈದ್ಯರಿಂದ ಎರಡೂ ವೃಷಣಗಳನ್ನು ಪರೀಕ್ಷೆ ಮಾಡಿಸಿ, ಸುತ್ತಳತೆ ತೆಗೆಸಿ, ಕಂದುರೋಗಕ್ಕೆ ರಕ್ತಪರೀಕ್ಷೆಯನ್ನೂ ಮಾಡಿಸಿ. ಹೋರಿ ತನ್ನ ಮಕ್ಕಳ ಮೇಲೆಯೇ ಹಾರದಂತೆ ಮೂರು ವರ್ಷದೊಳಗೆ ಬದಲಿಸಿ.

ನಿಮ್ಮ ಕೊಟ್ಟಿಗೆಯಲ್ಲಿ ಈಗ ಮೂರು ತಿಂಗಳ ಹೋರಿಗರು ಇದೆಯೇ? ಅದು ಬೀಜದ ಹೋರಿಯಾಗಬೇಕೆಂದಿದ್ದರೆ ಇಂದು ಸಂಜೆಯೇ ಒಂದು ಬೊಗಸೆ ತಿಂಡಿ ಅದರ ಮುಂದಿಡಿ.