ಬೆಳೆಯುವ ಮಕ್ಕಳ ನಿದ್ದೆ, ಊಟ ಮತ್ತು ಮೈತೂಕ



ಅಂಗಡಿಕಾರರ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಊರು ಸೊಲ್ಲಾಪುರವಿರಲಿ, ಅಕ್ಕಲಕೋಟೆಯಿರಲಿ, ಜತ್ತವಿರಲಿ. ತಂದೆ ಅಂಗಡಿ ಮುಚ್ಚಿ, ಲೆಕ್ಕ ಮುಗಿಸಿ ಬರುವಾಗ ರಾತ್ರಿ ಹತ್ತು. ಎಲ್ಲರೂ ಕೂಡಿ ಉಣ್ಣುವಾಗ ಹತ್ತೂವರೆ. ಹತ್ತನೆಯ ಇಯತ್ತೆಯ ಮಗ ಪುಸ್ತಕ ಹಿಡಿದು, ಆಮೇಲೆ ಮೊಬೈಲ್ ಹಿಡಿದು ಮಲಗುವಾಗ ಹನ್ನೆರಡೂವರೆ. ಆರಕ್ಕೆ ಟ್ಯೂಶನ್ ಇರುವುದರಿಂದ ಐದೂವರೆಗೆ ಎಬ್ಬಿಸುತ್ತಾರೆ. ಬೆಳಿಗ್ಗೆ ಏನೂ ತಿನ್ನದೆ ಹೋಗುತ್ತಾನೆ. ಹೊತ್ತೇರಿದ ಮೇಲೆ ಗಾಡಿಯ ವಡಾಪಾವ್, ಸಂಜೆ ಫರಸಾಣ. ವರ್ಷದೊಳಗೆ ಅಂಗಿ ಬಿಗಿಯಾಗುತ್ತದೆ. "ತಿಂದು ತಿಂದು ಕೋಣ ಆಗ್ಯಾನ, ಏಳಾಕ ಮಾತ್ರ ಬ್ಯಾಸರ" ಎಂದು ತಂದೆ ಬೈಯುತ್ತಾನೆ. ತಾಯಿ ಒಂದು ರೊಟ್ಟಿ ಕಡಿಮೆ ಹಾಕುತ್ತಾಳೆ. ದಿನವೂ ರೊಕ್ಕದ ಲೆಕ್ಕ ಹಾಕುವ ಆ ಮನೆಯಲ್ಲಿ, ಹುಡುಗ ಐದೇ ತಾಸು ಮಲಗುತ್ತಾನೆಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿಲ್ಲ.

ಎಷ್ಟು ನಿದ್ದೆ ಬೇಕು?

ಅಮೆರಿಕೆಯ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿದಂತೆ 6ರಿಂದ 12 ವರ್ಷದವರಿಗೆ 9ರಿಂದ 12 ತಾಸು, 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಹರೆಯಕ್ಕೆ ಬಂದಾಗ ನಿದ್ದೆ ತರುವ ಮೆಲಟೋನಿನ್ ಎಂಬ ರಸ ರಾತ್ರಿ ತಡವಾಗಿ ಹುಟ್ಟುತ್ತದೆ. ಆದ್ದರಿಂದ ಈ ವಯಸ್ಸಿನವರಿಗೆ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬೇಗ ಎಚ್ಚರವೂ ಆಗುವುದಿಲ್ಲ. ಇದು ಸೋಮಾರಿತನವಲ್ಲ, ದೇಹದ ಧರ್ಮ. ಮೊಬೈಲಿನ ಬೆಳಕು ಅದನ್ನು ಇನ್ನಷ್ಟು ತಡಮಾಡುತ್ತದೆ.

ನಿದ್ದೆಗೂ ಹಸಿವೆಗೂ ಏನು ಸಂಬಂಧ?

ನಮ್ಮ ರಕ್ತದಲ್ಲಿ ಎರಡು ರಸಗಳಿವೆ. ಲೆಪ್ಟಿನ್ "ಸಾಕು" ಎನ್ನುತ್ತದೆ. ಗ್ರೆಲಿನ್ "ಇನ್ನೂ ಬೇಕು" ಎನ್ನುತ್ತದೆ. ಶಿಕಾಗೋ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 12 ಜನ ಆರೋಗ್ಯವಂತ ತರುಣರನ್ನು ಎರಡು ರಾತ್ರಿ ನಾಲ್ಕೇ ತಾಸು ಮಲಗಿಸಿದರು. ಹತ್ತು ತಾಸು ಮಲಗಿದಾಗಿಗಿಂತ ಲೆಪ್ಟಿನ್ ಶೇಕಡಾ 18 ಇಳಿದಿತ್ತು, ಗ್ರೆಲಿನ್ ಶೇಕಡಾ 28 ಏರಿತ್ತು. ಅವರ ಬಾಯಿ ಬೇಡಿದ್ದೂ ಸಿಹಿ, ಉಪ್ಪು ತಿಂಡಿ ಮತ್ತು ಹಿಟ್ಟಿನ ಪದಾರ್ಥಗಳನ್ನೇ. ಹರೆಯದ ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿಯೂ ನಿದ್ದೆ ಕಡಿಮೆಯಾದ ವಾರ ಸಿಹಿ ತಿನ್ನುವುದು ಹೆಚ್ಚಾಗಿತ್ತು.

ಮೇಲಾಗಿ, ಎಚ್ಚರವಿದ್ದಷ್ಟು ಹೊತ್ತು ಡಬ್ಬಿಗೆ ಕೈ ಹೋಗುತ್ತದೆ. ದಣಿದ ಹುಡುಗ ಆಟಕ್ಕೆ ಹೋಗುವುದಿಲ್ಲ. ತೂಕ ಏರಿದರೆ ಗೊರಕೆ ಬರುತ್ತದೆ, ಉಸಿರು ಕಟ್ಟಿ ನಿದ್ದೆ ಮತ್ತೆ ಕೆಡುತ್ತದೆ. ಹೀಗೆ ಗಾಣದ ಎತ್ತಿನಂತೆ ಸುತ್ತುವುದಾಗುತ್ತದೆ. ತೂಕ ಏರುವುದಕ್ಕೆ ನಿದ್ದೆಗೇಡೊಂದೇ ಕಾರಣವಲ್ಲ. ಆಹಾರ, ಆಟ, ಮನೆತನದ ಮೈಕಟ್ಟು ಎಲ್ಲವೂ ಸೇರುತ್ತವೆ. ಆದರೆ ನಿದ್ದೆಯನ್ನು ಬಿಟ್ಟು ರೊಟ್ಟಿಯನ್ನಷ್ಟೇ ಎಣಿಸಿದರೆ ಲೆಕ್ಕ ಸರಿಹೋಗದು.

ಇದು ಶ್ರೀಮಂತ ದೇಶಗಳ ಮಾತಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 5ರಿಂದ 19 ವರ್ಷದವರಲ್ಲಿ ಹೆಚ್ಚು ತೂಕದವರು 1990ರಲ್ಲಿ ಶೇಕಡಾ 8 ಇದ್ದರು, 2022ರಲ್ಲಿ ಶೇಕಡಾ 20 ಆದರು. ಮಕ್ಕಳ ನಿದ್ದೆಯ ಸಲುವಾಗಿಯೇ ಮಹಾರಾಷ್ಟ್ರ ಸರಕಾರ 2024ರಲ್ಲಿ ನಾಲ್ಕನೆಯ ಇಯತ್ತೆಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕಿಂತ ಮೊದಲು ಆರಂಭವಾಗಬಾರದೆಂದು ಆದೇಶಿಸಿತು. ದೊಡ್ಡ ಮಕ್ಕಳ ನಿದ್ದೆಯನ್ನು ಮನೆಯವರೇ ಕಾಯಬೇಕು.

ಮನೆಯಲ್ಲಿ ಮಾಡತಕ್ಕದ್ದು

1. ತಂದೆಯ ದಾರಿ ಕಾಯದೆ ಮಕ್ಕಳಿಗೆ ಎಂಟರೊಳಗೆ ಉಣ್ಣಲಿಕ್ಕೆ ಹಾಕಿರಿ. ಕೂಡಿ ಉಣ್ಣುವುದು ರಜೆಯ ದಿನವಿರಲಿ.

2. ಮಲಗುವುದಕ್ಕೆ ಒಂದು ತಾಸು ಮೊದಲು ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಹಿರಿಯರದೂ ಅಲ್ಲಿಯೇ ಇರಲಿ.

3. ಸಂಜೆ ನಾಲ್ಕರ ನಂತರ ಚಹಾ, ಕಾಫಿ ಬೇಡ.

4. ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದು ಹೋಗಲಿ. ಗಾಡಿಯ ಕಡೆಗೆ ಕಾಲು ಎಳೆಯದು.

5. ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸಲು ಶಾಲೆಯ ಮಕ್ಕಳನ್ನು ಎಬ್ಬಿಸಬೇಡಿರಿ.

6. ನಸುಕಿನ ಟ್ಯೂಶನ್ ಸಂಜೆಗೆ ಬದಲಾದೀತೇ ಎಂದು ನಾಲ್ಕು ಪಾಲಕರು ಕೂಡಿ ಕೇಳಿರಿ.

7. ಉಪವಾಸ ಕೆಡವಬೇಡಿರಿ, ಹಂಗಿಸಬೇಡಿರಿ. ಹಂಗಿಸಿಕೊಂಡ ಮಗು ಕದ್ದು ತಿನ್ನುತ್ತದೆ.

ಜೋರಾದ ಗೊರಕೆ, ನಿದ್ದೆಯಲ್ಲಿ ಉಸಿರು ನಿಂತಂತಾಗುವುದು, ತರಗತಿಯಲ್ಲಿ ತೂಕಡಿಕೆ, ಕುತ್ತಿಗೆಯ ಹಿಂದೆ ಚರ್ಮ ದಪ್ಪವಾಗಿ ಕಪ್ಪಾಗುವುದು ಕಂಡರೆ ವೈದ್ಯರಿಗೆ ತೋರಿಸಿರಿ.

ಈ ವಾರದ ಅಭ್ಯಾಸ

ಒಂದು ನೋಟಬುಕ್ಕಿನಲ್ಲಿ ಏಳು ದಿನ ಮೂರು ಮಾತು ಬರೆಯಿರಿ: ಮಗು ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ರಾತ್ರಿ ಊಟದ ನಂತರ ತಿಂದದ್ದೇನು. ಎಂಟನೆಯ ದಿನ ಮಗುವನ್ನು ಹತ್ತಿರ ಕೂಡಿಸಿಕೊಂಡು ಓದಿರಿ. ಬೈಯುವುದಕ್ಕಿಂತ ಮೊದಲು ಆ ಲೆಕ್ಕ ಕೂಡಿಸಿರಿ. ಬಾಕಿ ಯಾರ ಕಡೆ ಇದೆಯೆಂಬುದು ತಾನೇ ತಿಳಿಯುತ್ತದೆ.