ಮತ ಹಾಕುವ ಮೊದಲೇ ಮುಗಿಯುವ ಚುನಾವಣೆ: ಹೊಸ ವಕೀಲರಿಗೆ ಕಿವಿಮಾತು

ಸನ್ನದು ಪಡೆದು, ಹೊಸ ಕರಿ ಕೋಟು ಹೊಲಿಸಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕೋರ್ಟುಗಳಿಗೆ ಬರುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ ಈ ಮಾತು. ವಾದ ಮಾಡುವುದನ್ನು ನಿಮ್ಮ ಸೀನಿಯರ್ ಕಲಿಸುತ್ತಾರೆ. ವಕೀಲರ ಸಂಘದ ಚುನಾವಣೆಯನ್ನು ಮಾತ್ರ ಯಾರೂ ಕೂಡಿಸಿಕೊಂಡು ಕಲಿಸುವುದಿಲ್ಲ. ತಾಲೂಕಿನ ಸಂಘ ಸಣ್ಣದು. ಸೋತವರೂ ಗೆದ್ದವರೂ ಮರುದಿನ ಅದೇ ಬಾರ್ ರೂಮಿನಲ್ಲಿ ಎದುರುಬದುರು ಕೂತು ಚಹಾ ಕುಡಿಯಬೇಕು. ಹಾಗಾಗಿ ಇಲ್ಲಿ ಜಗಳ, ರಾಜಿ, ಲೆಕ್ಕಾಚಾರ ಎಲ್ಲವೂ ಮತದಾನಕ್ಕೆ ಮೊದಲೇ ನಡೆದುಹೋಗುತ್ತವೆ. ಕಣ್ಣಿಡಬೇಕಾದದ್ದು ಅಲ್ಲಿ.

• ಮೊದಲು ಬೈಲಾ ಓದಿ. ಎದುರಾಳಿಯ ಕರಾರುಪತ್ರವನ್ನು ಸಾಲು ಸಾಲಾಗಿ ಸೋಸುವ ನಾವು ನಮ್ಮ ಸಂಘದ ಬೈಲಾ ಮಾತ್ರ ನೋಡಿರುವುದಿಲ್ಲ. ಪದಾಧಿಕಾರಿಗಳ ಅವಧಿ ಎಷ್ಟು, ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಎಷ್ಟು ವರ್ಷದ ವಕೀಲಿ ಬೇಕು, ಚುನಾವಣಾಧಿಕಾರಿಯನ್ನು ನೇಮಿಸುವವರು ಯಾರು, ಮತ ಸಮ ಬಿದ್ದರೆ ಏನು, ಈ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಬೈಲಾದ ಪ್ರತಿ ನೋಂದಣಾಧಿಕಾರಿಯ ಕಚೇರಿಯಲ್ಲೂ ಇರುತ್ತದೆ. ಬಾರ್ ರೂಮಿನ ಕಪಾಟಿನಲ್ಲಿರುವ ಪ್ರತಿಗೂ ಅಲ್ಲಿಯ ಪ್ರತಿಗೂ ತಾಳೆ ನೋಡಿ. ತಿದ್ದುಪಡಿ ಮಾಡಿ ಠರಾವು ಬರೆದು, ನೋಂದಣಿ ಮಾಡಿಸದೆ ಬಿಟ್ಟಿರುವುದು ಎಷ್ಟೋ ಸಂಘಗಳ ಹಳೆಯ ರೋಗ.

• ಮತದಾರರ ಪಟ್ಟಿ ಅಂಟಿಸಿದ ದಿನವೇ ನಿಮ್ಮ ಹೆಸರು ನೋಡಿಕೊಳ್ಳಿ. ಅಷ್ಟಕ್ಕೇ ನಿಲ್ಲಿಸಬೇಡಿ, ಬೇರೆಯವರ ಹೆಸರನ್ನೂ ನೋಡಿ. ವಂತಿಗೆ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇದ್ದವರಿಗೆ ಮತದ ಹಕ್ಕಿಲ್ಲ ಎಂಬುದು 1860ರ ಸೊಸೈಟಿ ನೋಂದಣಿ ಕಾಯ್ದೆಯಷ್ಟು ಹಳೆಯ ನಿಯಮ. ನಮ್ಮ ಕಡೆ ಏನಾಗುತ್ತದೆಂದರೆ, ವರ್ಷವಿಡೀ ಕೋರ್ಟಿನ ಮೆಟ್ಟಿಲು ಹತ್ತದವರ ಬಾಕಿಯೆಲ್ಲ ಚುನಾವಣೆಯ ಹಿಂದಿನ ವಾರ ಒಂದೇ ಕೈಯಿಂದ ಜಮಾ ಆಗುತ್ತದೆ. ಆ ಕೈ ಯಾರದೆಂದು ಪಾವತಿ ಪುಸ್ತಕ ಹೇಳುತ್ತದೆ. ವಂತಿಗೆ ತುಂಬಲು ಕೊನೆಯ ದಿನಾಂಕವನ್ನು ಚುನಾವಣಾ ಪ್ರಕಟಣೆಗೆ ಮೊದಲೇ ಗೊತ್ತುಮಾಡಿ ಎಂದು ಸಭೆಯಲ್ಲಿ ಕೇಳಿ. ಅದಕ್ಕೆ ಖರ್ಚಿಲ್ಲ, ಧೈರ್ಯ ಮಾತ್ರ ಬೇಕು.

• ವಿಜಯಪುರದಲ್ಲೂ ಸದಸ್ಯ, ಬಾಗೇವಾಡಿಯಲ್ಲೂ ಸದಸ್ಯ, ಕಲಬುರಗಿ ಹೈಕೋರ್ಟ್ ಪೀಠದ ಸಂಘದಲ್ಲೂ ಸದಸ್ಯ ಎಂಬವರು ನಮ್ಮಲ್ಲಿದ್ದಾರೆ. ಸದಸ್ಯರಾಗಿರಲಿ, ತಪ್ಪಲ್ಲ. ಮತ ಮಾತ್ರ ಒಂದೇ ಕಡೆ ಇರಬೇಕು. ಸುಪ್ರೀಂ ಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ‘ಒಂದು ಬಾರ್, ಒಂದು ಮತ’ ತತ್ವದ ಸಾರ ಇದೇ: ದಿನನಿತ್ಯ ಎಲ್ಲಿ ವಕೀಲಿ ಮಾಡುತ್ತೀರೋ ಅಲ್ಲಿಯ ಸಂಘದ ಆಗುಹೋಗು ನಿರ್ಧರಿಸಿ, ಉಳಿದ ಕಡೆ ಸುಮ್ಮನಿರಿ. ನಿಮ್ಮ ಬೈಲಾದಲ್ಲಿ ಇದು ಇಲ್ಲವೆಂದರೆ ಸೇರಿಸಲು ಠರಾವು ಮಂಡಿಸಿ. ಹೊಸ ತಾಲೂಕುಗಳಾದ ಮೇಲೆ ಈ ಪ್ರಶ್ನೆಯ ತೂಕ ಹೆಚ್ಚಿದೆ. ಮುದ್ದೇಬಿಹಾಳದಿಂದ ತಾಳಿಕೋಟೆ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಇಂಡಿಯಿಂದ ಚಡಚಣ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಊರು ಬೇರೆ ತಾಲೂಕಿಗೆ ಹೋದರೂ ಕಕ್ಷಿದಾರ ಹಳೆಯ ಕೋರ್ಟಿಗೇ ಬರುತ್ತಿರಬಹುದು. ವಕೀಲರ ಮತ ಊರಿನ ಹಿಂದೆ ಹೋಗಬಾರದು, ವಕಾಲತ್ತಿನ ಹಿಂದೆ ಹೋಗಬೇಕು.

• ನಾಮಪತ್ರಕ್ಕೆ ಸೂಚಕರು, ಅನುಮೋದಕರು ಎಂದು ಸಹಿ ಕೇಳಿ ಬರುತ್ತಾರೆ. ಕೇಳಿದವರಿಗೆಲ್ಲ ಸಹಿ ಹಾಕುವ ಉದಾರಿ ಆಗಬೇಡಿ. ಒಂದೇ ಸ್ಥಾನಕ್ಕೆ ಇಬ್ಬರಿಗೆ ಸೂಚಕನಾದರೆ ಪರಿಶೀಲನೆಯಲ್ಲಿ ಎರಡೂ ತಿರಸ್ಕೃತವಾಗುವ ನಿಯಮ ಎಷ್ಟೋ ಕಡೆ ಇದೆ. ಇನ್ನು ನೀವೇ ನಿಲ್ಲುವುದಾದರೆ, ಸೂಚಕರಾಗಿ ನಿಮ್ಮ ಸೀನಿಯರ್ ಹೆಸರನ್ನೇ ಬರೆಸಬೇಡಿ. ಬೇರೆ ಆಫೀಸಿನ ಒಬ್ಬ ಜೂನಿಯರ್, ಅರವತ್ತು ದಾಟಿದ ಒಬ್ಬ ಹಿರಿಯರು, ಈ ಇಬ್ಬರ ಸಹಿ ಇದ್ದರೆ ನಾಮಪತ್ರ ನೋಡಿದವರಿಗೆ ಹೇಳದೆಯೂ ಅರ್ಥವಾಗುತ್ತದೆ.

• ಈಗ ‘ಅವಿರೋಧ ಆಯ್ಕೆ’ಯ ವಿಷಯ. ನಮ್ಮ ನಾಲ್ಕೂ ಊರಿನಲ್ಲಿ ಇದು ದೊಡ್ಡ ಗೌರವ ಎಂಬ ನಂಬಿಕೆ ಇದೆ. ಹಾಲು ಒಕ್ಕೂಟ, ಪತ್ತಿನ ಸಂಘ, ಶಾಲಾ ಸಮಿತಿ, ಎಲ್ಲೆಲ್ಲೂ ‘ಅವಿರೋಧ’ ಎಂದರೆ ಹಾರ, ಪೇಢೆ, ಫೋಟೋ. ನಾನು ಹಾಗೆ ಕಣ್ಣುಮುಚ್ಚಿ ಒಪ್ಪುವವನಲ್ಲ. ಅವಿರೋಧದಲ್ಲಿ ಎರಡು ಬಗೆ. ಎಲ್ಲರೂ ಕೂಡಿ, ಇವರೇ ಆಗಲಿ ಎಂದು ಮನಸಾರೆ ಬಿಟ್ಟುಕೊಟ್ಟದ್ದು ಒಂದು. ಇನ್ನೊಂದು, ವಾಪಸು ಪಡೆಯುವ ಕೊನೆಯ ದಿನ ಮಧ್ಯಾಹ್ನ ಹಿರಿಯರೊಬ್ಬರ ಫೋನ್ ಬರುತ್ತದೆ: ‘ತಮ್ಮಾ, ಈ ಸರ್ತಿ ಅವರಿಗೆ ಬಿಟ್ಟುಕೊಡು, ಮುಂದಿನ ಸರ್ತಿ ನಿಂದ.’ ಆ ಮುಂದಿನ ಸರ್ತಿ ಬರುವುದು ಅಪರೂಪ, ಏಕೆಂದರೆ ಅದೇ ಮಾತನ್ನು ಇನ್ನೂ ಇಬ್ಬರಿಗೆ ಹೇಳಿರುತ್ತಾರೆ.

ಹಾಗಾದರೆ ಒಪ್ಪಂದವೇ ಬೇಡವೆ? ಬೇಕು. ಸಣ್ಣ ಸಂಘದಲ್ಲಿ ವರ್ಷ ವರ್ಷ ಹೋರಾಟವಾದರೆ ಬಾರ್ ರೂಮು ಎರಡಾಗುತ್ತದೆ. ಆದರೆ ಒಪ್ಪಂದ ಯಾರ ಮನೆಯ ಪಡಸಾಲೆಯಲ್ಲೂ ಆಗಬಾರದು, ಸಭೆಯಲ್ಲಿ ಆಗಬೇಕು. ವಾಪಸು ಪತ್ರವನ್ನು ಅಭ್ಯರ್ಥಿ ಸ್ವತಃ ಬಂದು ಚುನಾವಣಾಧಿಕಾರಿಯ ಮುಂದೆ ಸಹಿ ಮಾಡಿ ಕೊಡಬೇಕು, ಮತ್ತೊಬ್ಬರ ಕೈಲಿ ಕಳಿಸಿದ್ದು ನಡೆಯಬಾರದು. ಮುಂದಿನ ಅವಧಿಯ ಮಾತು ಕೊಟ್ಟರೆ ಅದನ್ನು ನಡಾವಳಿಯಲ್ಲಿ ಬರೆಯುವ ಧೈರ್ಯ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ನಿಮ್ಮ ನಾಮಪತ್ರ ಇರಲಿ. ಹತ್ತು ಮತ ಬಿದ್ದರೂ ಬೀಳಲಿ.

• ಎಲ್ಲರ ಕಣ್ಣು ಅಧ್ಯಕ್ಷರ ಕುರ್ಚಿಯ ಮೇಲೆ. ಉಪಾಧ್ಯಕ್ಷರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪ್ರಧಾನ ಕಾರ್ಯದರ್ಶಿ ಮತ್ತು ಖಜಾಂಚಿ ಸ್ಥಾನಕ್ಕೆ ಯಾರನ್ನು ಕೂಡಿಸುತ್ತೀರಿ ಎಂಬುದರ ಮೇಲೆ ಸಂಘದ ವರ್ಷ ನಿಂತಿದೆ. ನಡಾವಳಿ ಬರೆಯುವುದು, ನೋಟಿಸು ಕಳಿಸುವುದು, ನ್ಯಾಯಾಧೀಶರ ಬಳಿ ಸಂಘದ ಅಹವಾಲು ಒಯ್ಯುವುದು ಕಾರ್ಯದರ್ಶಿಯ ಕೆಲಸ. ವಂತಿಗೆ, ಗ್ರಂಥಾಲಯದ ಖರ್ಚು, ಸತ್ಕಾರದ ಹಣ, ಸಂಘದ ಮೂಲಕ ಕಲ್ಯಾಣ ನಿಧಿ ಸ್ಟ್ಯಾಂಪು ಮಾರುವಲ್ಲಿ ಅದರ ಲೆಕ್ಕ, ಇವೆಲ್ಲ ಖಜಾಂಚಿಯವು. ಮಾತಿನ ಮಲ್ಲನನ್ನು ಅಧ್ಯಕ್ಷ ಮಾಡಿದರೂ ಅಡ್ಡಿಯಿಲ್ಲ, ಖಜಾಂಚಿಯಾಗಿ ಮಾತ್ರ ಪೈಸೆ ಪೈಸೆಗೂ ಚೀಟಿ ಕೇಳುವ ಜಿಗುಟು ಮನುಷ್ಯನನ್ನೇ ಆರಿಸಿ. ಅಂಥವರಿಗೆ ಸ್ನೇಹಿತರು ಕಡಿಮೆ, ಅದಕ್ಕೇ ಮತವೂ ಕಡಿಮೆ. ನೀವು ಹಾಕಿ.

• ತಂಗಿಯರೇ, ‘ಕಾರ್ಯಕಾರಿ ಮಂಡಳಿಯಲ್ಲಿ ಒಬ್ಬ ಮಹಿಳಾ ಸದಸ್ಯೆ’ ಎಂಬ ಒಂದೇ ಕುರ್ಚಿಗೆ ತೃಪ್ತರಾಗಬೇಡಿ. ಸುಪ್ರೀಂ ಕೋರ್ಟ್ ವಕೀಲರ ಸಂಘದ ಕಾರ್ಯಕಾರಿಣಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಿಡಬೇಕೆಂದು 2024ರ ಮೇ ತಿಂಗಳಲ್ಲಿ ಆ ನ್ಯಾಯಾಲಯವೇ ಹೇಳಿತು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಗೆ ಮೀಸಲಿಡಲು ಆದೇಶಿಸಿತು. ದೆಹಲಿ, ಬೆಂಗಳೂರಿಗೆ ಸಲ್ಲುವ ನ್ಯಾಯ ಸಿಂದಗಿಗೂ ಸಲ್ಲುತ್ತದೆ. ಮಹಿಳಾ ವಕೀಲರಿಗೆ ಪ್ರತ್ಯೇಕ ಕೊಠಡಿ, ನೀರಿರುವ ಶೌಚಾಲಯ ಬೇಕೆಂದು ಪತ್ರ ಬರೆಯುವ ಕೈ ಪದಾಧಿಕಾರಿಯದ್ದಾಗಿದ್ದರೆ ಪತ್ರಕ್ಕೆ ಉತ್ತರ ಬೇಗ ಬರುತ್ತದೆ.

• ಧಾಬಾದ ಊಟಕ್ಕೆ ಕರೆದರೆ ಹೋಗಬೇಡಿ ಎಂದು ನಾನು ಹೇಳಿದರೆ ನೀವೇನು ಬಿಡುವವರಲ್ಲ. ಹೋದರೆ ನಿಮ್ಮ ಪಾಲಿನ ದುಡ್ಡು ಕೊಟ್ಟು ಬನ್ನಿ.

• ಜಾತಿ ಲೆಕ್ಕ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಸುಳ್ಳಾಗುತ್ತದೆ. ಪ್ಯಾನಲ್ ಕಟ್ಟುವಾಗ ಇವರದು ಒಂದು, ಅವರದು ಒಂದು ಎಂದು ಬೆರಳು ಮಡಚುತ್ತಾರೆ. ಸಣ್ಣ ಸಮುದಾಯದ ವಕೀಲನಿಗೂ ಕುರ್ಚಿ ಸಿಗಲಿ ಎಂಬ ಉದ್ದೇಶಕ್ಕೆ ಆ ಲೆಕ್ಕ ಬಂದರೆ ಒಪ್ಪಬಹುದು. ದೊಡ್ಡವರೇ ಪಾಳಿಯ ಮೇಲೆ ಹಂಚಿಕೊಳ್ಳಲು ಬಂದರೆ ಬಾಗೇವಾಡಿಯಲ್ಲಿ ಕೂತು ಬಸವಣ್ಣನ ಹೆಸರು ಹೇಳುವ ಹಕ್ಕು ನಮಗೆ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವಚನದ ತಾಳೆಗರಿ ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಬಿ.ಎಲ್.ಡಿ.ಇ. ಸಂಸ್ಥೆ, ಸಹಕಾರಿ ಬ್ಯಾಂಕು ಎಂದು ಊರಿಗೆ ಸಂಸ್ಥೆಗಳನ್ನು ಕಟ್ಟಿದವರು. ಬಾರ್ ರೂಮಿನಲ್ಲಿ ಅವರ ಫೋಟೋ ಇಲ್ಲದಿದ್ದರೆ ಗೆದ್ದವರು ಮೊದಲ ಸಭೆಯಲ್ಲೇ ಹಾಕಿಸಲಿ.

• ‘ನಾನು ಗೆದ್ದರೆ ಮಾತೆತ್ತಿದರೆ ಕಲಾಪ ಬಹಿಷ್ಕಾರ’ ಎಂದು ಗುಡುಗುವ ಅಭ್ಯರ್ಥಿಗೆ ಚಪ್ಪಾಳೆ ಹೆಚ್ಚು. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ ಎಂಬುದನ್ನು ಅವರಿಗೂ ನೆನಪಿಸಿ. ಹೊರ್ತಿಯಿಂದ ಬಸ್ಸು ಹತ್ತಿ ಇಂಡಿಗೆ ಬಂದ ರೈತ, ಕೂಲಿ ಬಿಟ್ಟು ಬಂದಿರುತ್ತಾನೆ. ಅವನಿಗೆ ಮುಂದಿನ ತಾರೀಖು ಕೊಡಿಸುವುದು ಯಾವ ಪೌರುಷ?

• ಬೇರೆ ಸಂಘಗಳು ಹೇಗೆ ಮಾಡುತ್ತವೆ ಎಂಬುದನ್ನೂ ನೋಡಿ ಕಲಿಯಿರಿ. ನಮ್ಮ ಕೋರ್ಟಿನ ಪಕ್ಕದಲ್ಲೇ ಇರುವ ಸರ್ಕಾರಿ ನೌಕರರ ಸಂಘದಲ್ಲಿ ಮೊದಲು ಇಲಾಖೆವಾರು ನಿರ್ದೇಶಕರು ಆರಿಸಿ ಬರುತ್ತಾರೆ, ಆ ನಿರ್ದೇಶಕರು ತಾಲೂಕು ಅಧ್ಯಕ್ಷ, ಖಜಾಂಚಿ, ರಾಜ್ಯ ಪರಿಷತ್ ಸದಸ್ಯರನ್ನು ಆರಿಸುತ್ತಾರೆ. 2024ರ ಕೊನೆಯ ತಿಂಗಳುಗಳಲ್ಲಿ ತಾಲೂಕಿನಿಂದ ರಾಜ್ಯದವರೆಗೆ ಹೀಗೆ ಹಂತಹಂತವಾಗಿ ನಡೆಯಿತು. ಸಣ್ಣ ಇಲಾಖೆಗೂ ಒಂದು ದನಿ ಸಿಗುವುದು ಇದರ ಗುಣ. ಎರಡನೆಯ ಸುತ್ತಿನಲ್ಲಿ ಬೆರಳೆಣಿಕೆಯ ಮತದಾರರೇ ಉಳಿಯುವುದರಿಂದ ಅವರನ್ನು ಕೂಡಿಹಾಕುವುದು ಸುಲಭ, ಇದು ದೋಷ. ಕನ್ನಡ ಸಾಹಿತ್ಯ ಪರಿಷತ್ತಿನ ರೀತಿ ಇನ್ನೊಂದು: 2021ರ ನವೆಂಬರ್‌ನಲ್ಲಿ ಸದಸ್ಯರೆಲ್ಲ ರಾಜ್ಯಾಧ್ಯಕ್ಷರಿಗೂ ಜಿಲ್ಲಾಧ್ಯಕ್ಷರಿಗೂ ನೇರವಾಗಿ ಮತ ಹಾಕಿದರು. ತಾಲೂಕು ಅಧ್ಯಕ್ಷರನ್ನು ಮಾತ್ರ ಜಿಲ್ಲಾಧ್ಯಕ್ಷರು ನಾಮನಿರ್ದೇಶನ ಮಾಡುವ ಪದ್ಧತಿ. ನೇಮಕವಾದವರು ನೇಮಿಸಿದವರ ಮುಖ ನೋಡುತ್ತಾರೆ, ಆರಿಸಿ ಬಂದವರು ಸದಸ್ಯರ ಮುಖ ನೋಡುತ್ತಾರೆ. ವಕೀಲರ ಸಂಘದಲ್ಲಿ ಪ್ರತಿ ಸದಸ್ಯನ ನೇರ ಮತವೇ ನನಗೆ ಸರಿ ಕಾಣುವುದು.

• ರಾಜ್ಯ ವಕೀಲರ ಪರಿಷತ್ತಿನ ಚುನಾವಣೆ ಬಂದಾಗ ನಮ್ಮವರ ಎಷ್ಟೋ ಮತ ಹಾಳಾಗುತ್ತದೆ, ಏಕೆಂದರೆ ಅದನ್ನೂ ತಾಲೂಕು ಸಂಘದ ಮತದಂತೆ ಹಾಕುತ್ತಾರೆ. 1961ರ ವಕೀಲರ ಕಾಯ್ದೆ ಪ್ರಕಾರ ಹತ್ತು ಸಾವಿರಕ್ಕಿಂತ ಹೆಚ್ಚು ಮತದಾರರಿರುವ ರಾಜ್ಯಕ್ಕೆ 25 ಸದಸ್ಯರು, ಆಯ್ಕೆ ಪ್ರಾಶಸ್ತ್ಯ ಮತದಿಂದ. ಮತಪತ್ರಿಕೆಯಲ್ಲಿ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು. 1 ಬರೆಯದಿದ್ದರೆ, ಇಲ್ಲವೆ ಇಬ್ಬರ ಮುಂದೆ 1 ಬರೆದರೆ ಮತ ತಿರಸ್ಕೃತ. ಗೆಲ್ಲಲು ಬೇಕಾದ ಮತವನ್ನು ಹೀಗೆ ತೆಗೆಯುತ್ತಾರೆ: ಸಿಂಧು ಮತಗಳನ್ನು ಸ್ಥಾನಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ ಒಂದು ಕೂಡಿಸಬೇಕು. ಲೆಕ್ಕಕ್ಕೆಂದು 52,000 ಸಿಂಧು ಮತ ಎಂದುಕೊಳ್ಳಿ, 26ರಿಂದ ಭಾಗಿಸಿದರೆ 2,000, ಕೋಟಾ 2,001. ನಿಮ್ಮ ಮೊದಲ ಆಯ್ಕೆಯವರು ಗೆದ್ದು ಮತ ಉಳಿದರೆ ಅಥವಾ ಸೋತು ಹೊರಗೆ ಬಿದ್ದರೆ ನಿಮ್ಮ ಎರಡನೆಯ ಆಯ್ಕೆ ಜೀವ ಪಡೆಯುತ್ತದೆ. ನಾಲ್ಕು ತಾಲೂಕಿನವರು ಒಬ್ಬರಿಗೇ 1 ಹಾಕಿ ಸುಮ್ಮನಾದರೆ ನಮ್ಮ ಮತ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಮುಂದಿನ ಅಂಕಿಗಳನ್ನೂ ಯೋಚಿಸಿ ಬರೆಯಿರಿ.

• ಚುನಾವಣಾಧಿಕಾರಿಯಾಗಿ ಯಾವ ಪ್ಯಾನಲ್ಲಿಗೂ ಸೇರದ, ಮುಂದೆಂದೂ ನಿಲ್ಲುವ ಆಸೆಯಿಲ್ಲದ ಹಿರಿಯರನ್ನು ಕೇಳಿಕೊಳ್ಳಿ. ದಿನಾಂಕವನ್ನು ಅವರಿಗೇ ಬಿಡಿ. ಶ್ರಾವಣದ ಬಸವೇಶ್ವರ ಜಾತ್ರೆಯ ದಿನ ಬಾಗೇವಾಡಿಯಲ್ಲಾಗಲಿ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿನಲ್ಲಿ ಯಾವ ತಾಲೂಕಿನಲ್ಲಾಗಲಿ ಚುನಾವಣೆ ಇಟ್ಟರೆ, ಜನ ಬರಬಾರದೆಂದೇ ಇಟ್ಟಿದ್ದಾರೆ ಎಂದು ತಿಳಿಯಿರಿ. ಮತಪತ್ರಿಕೆಯ ಹಿಂದೆ ಅಧಿಕಾರಿಯ ಸಹಿ, ಎಣಿಕೆಗೆ ಪ್ರತಿ ಅಭ್ಯರ್ಥಿಯ ಒಬ್ಬ ಏಜೆಂಟು, ಸಮ ಬಿದ್ದರೆ ಎಲ್ಲರೆದುರು ಚೀಟಿ ಎತ್ತುವುದು, ಇಷ್ಟಾದರೆ ತಕರಾರು ಬಹುಪಾಲು ಹುಟ್ಟುವುದೇ ಇಲ್ಲ.

• ಸೋತರೆ ಅದೇ ಸಂಜೆ ಗೆದ್ದವರಿಗೆ ಹಾರ ಹಾಕಿ. ನಿಜವಾದ ಅಕ್ರಮ ಕಂಡರೆ ವಾಟ್ಸಾಪಿನಲ್ಲಿ ಬರೆಯಬೇಡಿ, ಚುನಾವಣಾಧಿಕಾರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದಿಲ್ಲದೆ ಮುಂದೆ ಯಾವ ನ್ಯಾಯಾಲಯವೂ ನಿಮ್ಮ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇದನ್ನು ವಕೀಲರಿಗೇ ಹೇಳಬೇಕಾಗಿ ಬಂದಿದೆ, ಏನು ಮಾಡುವುದು!

• ಗೆದ್ದರೆ ಸನ್ಮಾನ ಆಮೇಲೆ. ಮೊದಲು ಹಳೆಯ ಖಜಾಂಚಿಯಿಂದ ಪಾಸ್‌ಬುಕ್, ಚೆಕ್ ಪುಸ್ತಕ, ಪಾವತಿ ಪುಸ್ತಕದ ಉಳಿದ ಹಾಳೆಗಳು, ಗ್ರಂಥಾಲಯದ ಪುಸ್ತಕಗಳ ಪಟ್ಟಿ ಬರೆಸಿಕೊಂಡು ಸಹಿ ಮಾಡಿಸಿ. ಬ್ಯಾಂಕಿನಲ್ಲಿ ಸಹಿ ಬದಲಿಸಿ. ನೋಂದಾಯಿತ ಸಂಘವಾದರೆ ವಾರ್ಷಿಕ ಮಹಾಸಭೆಯಾಗಿ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಪಟ್ಟಿ ಸಲ್ಲಿಸದೆ ವರ್ಷಗಟ್ಟಲೆ ಕೂತ ಸಂಘಕ್ಕೆ ಜಗಳ ಬಂದ ದಿನ, ಪದಾಧಿಕಾರಿಗಳು ಯಾರು ಎಂಬುದೇ ದಾವೆಯ ಮೊದಲ ವಿವಾದಾಂಶವಾಗುತ್ತದೆ.

• ಇದನ್ನೆಲ್ಲ ಓದಿದ ಮೇಲೆ ಒಂದು ಕೆಲಸ ಮಾಡಿ. ನಾಳೆ ಕೋರ್ಟಿಗೆ ಹೋದಾಗ ನಿಮ್ಮ ವಂತಿಗೆ ಎಲ್ಲಿಯವರೆಗೆ ತುಂಬಿದೆ ಎಂದು ಕೇಳಿ. ಬಾಕಿ ಇದ್ದರೆ ನಿಮ್ಮ ಕೈಯಿಂದಲೇ ತುಂಬಿ, ಪಾವತಿ ತೆಗೆದುಕೊಳ್ಳಿ. ಬೇರೆಯವರಿಗೆ ತುಂಬಲು ಬಿಡಬೇಡಿ.