ಪ್ರತಿಭಟನೆಗೆ ಹೊರಟ ಅಂಗವಿಕಲರು: ಪೊಲೀಸರು ಬಂದಾಗ ಏನು ಮಾಡಬೇಕು?

ಮಾಸಾಶನ ಹೆಚ್ಚಿಸಿ, ಬ್ಯಾಕ್‌ಲಾಗ್ ಹುದ್ದೆ ತುಂಬಿ ಎಂದು ಅಂಗವಿಕಲರು ಬೀದಿಗಿಳಿದಾಗ ಪೊಲೀಸರು ಎರಡರಲ್ಲಿ ಒಂದು ತಪ್ಪು ಮಾಡುವ ಸಾಧ್ಯತೆ ಇರುತ್ತದೆ. ಕೈಕಾಲು ಹಿಡಿದೆತ್ತಿ ಎಲ್ಲರಂತೆ ಬಸ್ಸಿಗೆ ತುಂಬಬಹುದು. ಇಲ್ಲವೇ ಜೊತೆಗಿದ್ದವರನ್ನೆಲ್ಲ ಕರೆದೊಯ್ದು ವೀಲ್‌ಚೇರ್‌ನಲ್ಲಿದ್ದವರನ್ನು ರಸ್ತೆಯಲ್ಲೇ ಬಿಟ್ಟು ಹೋಗಬಹುದು. ಮೊದಲನೆಯದರಲ್ಲಿ ಜೀವಕ್ಕೇ ಅಪಾಯ. ಎರಡನೆಯದು ಮೇಲ್ನೋಟಕ್ಕೆ ಕರುಣೆಯಂತೆ ಕಂಡರೂ ಅವರ ಪ್ರತಿಭಟನೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ವರ್ತನೆ. ಅಂಗವಿಕಲರು ಕೇಳಬೇಕಾದ್ದು ಬಂಧನದಿಂದ ವಿನಾಯಿತಿಯನ್ನಲ್ಲ. ಅನುಮತಿ ಪತ್ರದಿಂದ ಹಿಡಿದು ಬಿಡುಗಡೆಯವರೆಗಿನ ಪ್ರತಿ ಹಂತವೂ ತಮ್ಮ ದೇಹಕ್ಕೆ ಒಗ್ಗುವಂತಿರಬೇಕು ಎಂಬುದನ್ನು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 3ನೇ ಸೆಕ್ಷನ್ ಇಂಥ ಹೊಂದಾಣಿಕೆಯನ್ನು ಸರ್ಕಾರದ ಹೊಣೆಯಾಗಿಸಿದೆ, ಅಂಗವೈಕಲ್ಯದ ಕಾರಣಕ್ಕಷ್ಟೇ ಯಾರ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎಂದಿದೆ. ಆದರೆ ಗಲಾಟೆಯ ನಡುವೆ ನಿಂತು ಕಾಯ್ದೆ ಓದಿ ಹೇಳಲಾಗದು. ಅದನ್ನು ಮೊದಲೇ ಕಾಗದಕ್ಕೆ ಇಳಿಸಿರಬೇಕು.

ಹಕ್ಕಿನ ಮಿತಿಯನ್ನೂ ತಿಳಿದಿರುವುದು ಒಳ್ಳೆಯದು. ಸಂವಿಧಾನದ 19ನೇ ವಿಧಿ ನಿರಾಯುಧವಾಗಿ, ಶಾಂತಿಯಿಂದ ಸಭೆ ಸೇರುವ ಸ್ವಾತಂತ್ರ್ಯ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ನ್ಯಾಯಸಮ್ಮತ ನಿರ್ಬಂಧ ಹೇರಲೂ ಅವಕಾಶ ಕೊಟ್ಟಿದೆ. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ ಎಂದು ಶಾಹೀನ್ ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅದೇ ವರ್ಷ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್, 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ ಅಡಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಎಂದಿತು. ಬೆಂಗಳೂರಿನಲ್ಲಿ ಪ್ರತಿಭಟನೆ ನಿಯಂತ್ರಣದ 2021ರ ಆದೇಶದಿಂದಾಗಿ ಪ್ರತಿಭಟನೆಗೆ ಉಳಿದಿರುವ ಜಾಗ ಫ್ರೀಡಂ ಪಾರ್ಕ್. ಜಾಗ ಇಂಥದ್ದೇ ಎಂದು ಸರ್ಕಾರವೇ ಗೊತ್ತುಮಾಡಿದ ಮೇಲೆ, ಅಲ್ಲಿಗೆ ಎಲ್ಲರೂ ತಲುಪುವಂತೆ, ಅಲ್ಲಿ ಎಲ್ಲರೂ ಶೌಚಕ್ಕೆ ಹೋಗುವಂತೆ ಮಾಡುವ ಜವಾಬ್ದಾರಿಯೂ ಸರ್ಕಾರದ್ದೇ ಎಂಬುದು ನನ್ನ ವಾದ.

ಆದ್ದರಿಂದ ಮೊದಲ ಕೆಲಸ ಮನವಿ ಪತ್ರ. ದಿನಾಂಕ, ಸಮಯ, ಜನರ ಸಂಖ್ಯೆಯ ಜೊತೆಗೆ ಎಷ್ಟು ಮಂದಿ ವೀಲ್‌ಚೇರ್ ಬಳಸುವವರು, ಎಷ್ಟು ಮಂದಿ ಅಂಧರು, ಎಷ್ಟು ಮಂದಿ ಕಿವುಡರು ಬರುತ್ತಾರೆ ಎಂಬುದನ್ನು ಬರೆಯಿರಿ. ಇಳಿಜಾರು ದಾರಿ, ಬಳಸಬಹುದಾದ ಶೌಚಾಲಯ, ಕುಡಿಯುವ ನೀರು ಕೇಳಿ. ಸಾಮಾನ್ಯವಾಗಿ ಬಿಟ್ಟುಹೋಗುವ ಸಾಲು ಇದು: ವಶಕ್ಕೆ ಪಡೆಯುವ ಸಂದರ್ಭ ಬಂದರೆ ವೀಲ್‌ಚೇರ್ ಸಮೇತ ಹತ್ತಿಸಬಹುದಾದ ವಾಹನ, ಸನ್ನೆ ಭಾಷೆಯ ದುಭಾಷಿ ಮತ್ತು ಮಹಿಳಾ ಸಿಬ್ಬಂದಿ ಇರಬೇಕು. ಬಂಧನದ ಮಾತನ್ನು ನಾವೇ ಎತ್ತುವುದೇ ಎಂದು ಸಂಘಟಕರು ಹಿಂಜರಿಯಬಹುದು. ಎತ್ತಲೇಬೇಕು. ‘ನಮಗೆ ಗೊತ್ತಿರಲಿಲ್ಲ’ ಎಂಬ ಉತ್ತರಕ್ಕೆ ಆಮೇಲೆ ಜಾಗವಿರುವುದಿಲ್ಲ. ಒಂದು ಪ್ರತಿಯನ್ನು ಪೊಲೀಸರಿಗೆ, ಇನ್ನೊಂದನ್ನು ರಾಜ್ಯದ ಅಂಗವಿಕಲರ ಆಯುಕ್ತರಿಗೆ ಕೊಟ್ಟು, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹೊರಡುವ ದಿನ ಜೇಬಿನಲ್ಲಿ ಅಂಗವಿಕಲರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡಿನ ನಕಲು ಇರಲಿ. ದೊಡ್ಡಕ್ಷರದ ಒಂದು ಚೀಟಿಯೂ ಇರಲಿ: ಯಾವ ಔಷಧ, ಯಾವ ಹೊತ್ತಿಗೆ, ಹೇಗೆ ಎತ್ತಬೇಕು, ಯಾರಿಗೆ ಫೋನ್ ಮಾಡಬೇಕು. ಹೇಗೆ ಎತ್ತಬೇಕೆಂಬುದು ಸಣ್ಣ ಸಂಗತಿಯಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದಿರಬಹುದು. ಬಸ್ಸಿನ ಕಬ್ಬಿಣದ ಅಂಚಿಗೆ ತೊಡೆ ತಾಗಿ ಸೀಳಿದರೂ, ಮೂತ್ರದ ನಳಿಕೆ ಎಳೆದುಹೋದರೂ ಅವರಿಗೆ ತಿಳಿಯುವುದಿಲ್ಲ. ಗಟ್ಟಿ ಬೆಂಚಿನ ಮೇಲೆ ಕದಲದೆ ಕೂತ ಕೆಲವೇ ಗಂಟೆಗಳಲ್ಲಿ ಒತ್ತುಹುಣ್ಣು ಶುರುವಾಗಿ, ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ಸನ್ನೆ ಭಾಷೆಯಲ್ಲಿ ಮಾತಾಡುವವರ ಕೈಗಳನ್ನು ಬೆನ್ನ ಹಿಂದೆ ಹಿಡಿದರೆ ಅದು ಬಾಯಿಗೆ ಬಟ್ಟೆ ತುರುಕಿದಂತೆ. ಇವನ್ನೆಲ್ಲ ಪೊಲೀಸರು ತಾವಾಗಿಯೇ ಊಹಿಸಲಾರರು, ಚೀಟಿ ಹೇಳಬೇಕು.

ಪೊಲೀಸರು ಬಂದಾಗ ಪ್ರತಿರೋಧಿಸಬೇಡಿ. ಇದು ಬಂಧನವೇ, ಬರೀ ಸ್ಥಳಾಂತರವೇ, ಯಾವ ಸೆಕ್ಷನ್ ಎಂದು ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಸೆಕ್ಷನ್ ಮುನ್ನೆಚ್ಚರಿಕೆ ಬಂಧನದ್ದು. 172, ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಕರೆದೊಯ್ಯುವಂಥದ್ದು. 35(7) ಅಂತೂ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ವ್ಯಕ್ತಿ ಅಶಕ್ತರೋ 60 ದಾಟಿದವರೋ ಆಗಿದ್ದರೆ, ಡಿವೈಎಸ್‌ಪಿಗಿಂತ ಕಡಿಮೆಯಲ್ಲದ ದರ್ಜೆಯ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಬಂಧಿಸುವಂತಿಲ್ಲ. ಅಕ್ರಮ ಕೂಟ ಸೇರಿದ್ದಕ್ಕೆ ಇರುವ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು. ಎಲ್ಲ ಅಂಗವಿಕಲರೂ ‘ಅಶಕ್ತ’ರಲ್ಲ, ಹಾಗೆ ಕರೆಸಿಕೊಳ್ಳಲು ಹಲವರಿಗೆ ಇಷ್ಟವೂ ಇರಲಾರದು. ಆದರೂ ಅನುಮತಿ ಪಡೆದಿದ್ದೀರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ವೀಲ್‌ಚೇರ್, ಊರುಗೋಲು, ಶ್ರವಣ ಸಾಧನವನ್ನು ಬೇರ್ಪಡಿಸಲು ಬಂದರೆ 2016ರ ಕಾಯ್ದೆಯ 92ನೇ ಸೆಕ್ಷನ್ ನೆನಪಿಸಿ. ನೆರವಿನ ಸಾಧನಕ್ಕೆ ಬೇಕೆಂದೇ ಹಾನಿ ಮಾಡಿದರೆ, ಅದರ ಬಳಕೆಗೆ ಅಡ್ಡಿಪಡಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಪೊಲೀಸರ ಕಡೆಯ ವಾದವನ್ನೂ ಕೇಳಬೇಕು. ನೂಕುನುಗ್ಗಲಲ್ಲಿ ಅಂಗವಿಕಲರಿಗೆ ಪೆಟ್ಟಾದೀತು, ಅವರ ಒಳ್ಳೆಯದಕ್ಕೇ ಬದಿಗೆ ಸರಿಸುತ್ತೇವೆ ಎನ್ನಬಹುದು. ಕಾಳಜಿ ನಿಜವಿದ್ದರೆ ನೂಕುನುಗ್ಗಲು ತಡೆಯಬೇಕು. ಬಂದವರನ್ನು ಅವರ ಒಪ್ಪಿಗೆಯಿಲ್ಲದೆ ಸರಿಸುವುದು ರಕ್ಷಣೆಯಾಗದು. ಸಂಘಟಕರು ಅನುಕಂಪಕ್ಕಾಗಿ ಅಂಗವಿಕಲರನ್ನು ಮುಂದೆ ಕೂರಿಸುತ್ತಾರೆ ಎಂಬ ಆಕ್ಷೇಪ ಕೆಲವೊಮ್ಮೆ ನಿಜವೂ ಇರಬಹುದು. ಆದರೆ ವಯಸ್ಕರೊಬ್ಬರು ತಾವಾಗಿ ಬಂದಿಲ್ಲ ಎಂದು ಅವರ ದೇಹ ನೋಡಿಯೇ ತೀರ್ಮಾನಿಸುವುದು ಅದಕ್ಕಿಂತ ದೊಡ್ಡ ಅವಮಾನ. 1995ರ ಡಿಸೆಂಬರ್‌ನಲ್ಲಿ ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮುಂದಾಳತ್ವದಲ್ಲಿ ಅಂಗವಿಕಲರು ದೆಹಲಿಯ ಬೀದಿಗಿಳಿದ ಬೆನ್ನಿಗೇ ಅಂಗವಿಕಲರ ಮೊದಲ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಅಂದು ಅವರನ್ನು ‘ಒಳ್ಳೆಯದಕ್ಕೇ’ ಮನೆಯಲ್ಲಿ ಕೂರಿಸಿದ್ದರೆ ಏನಾಗುತ್ತಿತ್ತು?

ಠಾಣೆಯಲ್ಲಿ ಬಂಧನದ ಕಾರಣವನ್ನು ಬರಹದಲ್ಲಿ ಕೇಳಿ. ಅದು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಅಂಧರ ಕೈಗೆ ಮುದ್ರಿತ ಹಾಳೆ ಕೊಟ್ಟರೆ ಈ ಮಾತು ಪಾಲಿಸಿದಂತಾಗದು. ಪೂರ್ತಿ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಮನೆಯವರಿಗೆ ತಿಳಿಸುವುದು, ವೈದ್ಯಕೀಯ ತಪಾಸಣೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಎಲ್ಲರಿಗೂ ಇರುವ ಹಕ್ಕು. ತಪಾಸಣೆಯ ಹೊತ್ತಲ್ಲಿ ನೋವಿಲ್ಲದಿದ್ದರೂ ಇಡೀ ಮೈ ನೋಡಿ ಎಂದು ವೈದ್ಯರನ್ನು ಕೇಳಿ. ಅಂಗವಿಕಲರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಗಳ ಸಹಾಯವಾಣಿ 15100.

ಬಿಡುಗಡೆಯಾದ ದಿನವೇ ಗಾಯದ, ಮುರಿದ ಸಾಧನದ ಫೋಟೊ ತೆಗೆದಿಡಿ, ಸರ್ಕಾರಿ ಆಸ್ಪತ್ರೆಯ ಚೀಟಿ ಮಾಡಿಸಿ. ದೂರನ್ನು ಅಂಗವಿಕಲರ ಆಯುಕ್ತರಿಗೆ, ಪೊಲೀಸ್ ದೂರು ಪ್ರಾಧಿಕಾರಕ್ಕೆ, ಮಾನವ ಹಕ್ಕುಗಳ ಆಯೋಗಕ್ಕೆ ಸಲ್ಲಿಸಬಹುದು. ಆಯೋಗ ಒಂದು ವರ್ಷಕ್ಕಿಂತ ಹಳೆಯ ಘಟನೆಯನ್ನು ತನಿಖೆಗೆ ತೆಗೆದುಕೊಳ್ಳುವುದಿಲ್ಲ. ಮುಂದೆ ಠಾಣೆಯಿಂದ ನೋಟಿಸ್ ಬಂದರೆ ನಾಗರಿಕ ಸುರಕ್ಷಾ ಸಂಹಿತೆಯ ಯಾವ ಸೆಕ್ಷನ್ ಎಂದು ನೋಡಿ. 179 ಎಂದಿದ್ದರೆ ನೀವು ಸಾಕ್ಷಿ; ಅಂಗವಿಕಲರು ಮನೆ ಬಿಟ್ಟು ಬೇರೆಡೆಗೆ ಬರಲೇಬೇಕೆನ್ನುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. 35(3) ಎಂದಿದ್ದರೆ ನಿಮ್ಮ ಮೇಲೆ ಆರೋಪವಿದೆ ಎಂದರ್ಥ, ಹೋಗಲೇಬೇಕು. ಹೋಗುವಾಗ ವಕೀಲರ ಜೊತೆಗೆ ಮುದ್ರೆ ಬಿದ್ದ ಆ ಮನವಿಯ ಪ್ರತಿಯನ್ನೂ ಒಯ್ಯಿರಿ.